ಅಜ್ಜನ ಬಾಣಂತನ

ಮೊನ್ನೆ ಮೊಮ್ಮಗಳು ಪಲ್ಲವಿಯ ಬಾಣಂತನಕ್ಕೆಂದು ನಿಮ್ಮವ್ವ ಒಲೆಯ ಮುಂದೆ ಕೂತು ಉಂಡಿ ಕಟ್ಟಲು ಅಂಟು ಹುರಿಯುತ್ತಿದ್ದಳು. ತುಪ್ಪದಲ್ಲಿ ಅಂಟು ಅರಳುವ ವಾಸನೆ ಪಡಸಾಲೆಯ ತನಕ ಬಂತು. ನನಗೆ ನಗು ತಡೆಯಲಾಗಲಿಲ್ಲ. "ಯಾಕ ಆಯಿ, ಒಬ್ಬಾಕೀನ ನಗತಿ?" ಎಂದು ಕೇಳಿದಿರಿ. "ಈ ಮನ್ಯಾಗ ಎಲ್ಲಾರಿಗಿಂತ ಹೆಚ್ಚ ಅಂಟಿನ ಉಂಡಿ ತಿಂದ ಬಾಣಂತಿ ಅಂದ್ರ ನಿಮ್ಮ ಅಜ್ಜ" ಎಂದೆ. ಆಯಿಗೆ ಅರಳುಮರಳು ಎಂದುಕೊಂಡು ನೀವೂ ನಕ್ಕಿರಿ. ನಾಲ್ಕು ಜನರ ಮುಂದೆ ಉದ್ದ ಮಾತು ಹೇಳುವುದು ನನಗೆ ಎಂದೂ ಬಂದಿಲ್ಲ. ಏಕಸಂಬಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಬಾಯಿಂದ ಆಗದ್ದನ್ನು ಬರೆದಾದರೂ ಹೇಳೋಣ ಎಂದು ಕೂತಿದ್ದೇನೆ.

ಅದು ತೊಂಬತ್ತರ ದಶಕದ ಮೊದಮೊದಲ ಕಾಲ. ನಾವು ಆಗಲೂ ಇದೇ ಜುಗೂಳದಲ್ಲಿ, ಇದೇ ಮನೆಯಲ್ಲಿ ಇದ್ದೆವು. ನಿಮ್ಮಪ್ಪ ಚಿಕ್ಕೋಡಿಯಲ್ಲಿ ಕಾಲೇಜು ಕಲಿಯುತ್ತಿದ್ದ. ಮನೆಯಲ್ಲಿ ಅಜ್ಜ, ನಾನು, ಅಜ್ಜನ ತಾಯಿ, ಅಂದರೆ ನನ್ನ ಅತ್ತೆ. ಅಜ್ಜನಿಗೆ ಆಗ ಐವತ್ತೂ ಆಗಿರಲಿಲ್ಲ. ಎತ್ತರದ ಆಳು, ದನಿ ದೊಡ್ಡದು, ಹೊಳೆಯ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳಬೇಕು. ಬಾಯಲ್ಲಿ ಯಾವಾಗಲೂ ನಿಪ್ಪಾಣಿ ತಂಬಾಕು.

ಶಿವರಾತ್ರಿ ಹತ್ತಿರ ಬಂದಿತ್ತು. ನಮ್ಮ ಹೊಳೆಸಾಲಿನ ಹೊಲದಲ್ಲಿ ಕಬ್ಬು ಕಡಿಯುವವರ ಟೋಳಿ ಇಳಿದಿತ್ತು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಮಧ್ಯಾಹ್ನ. ಅಜ್ಜ ಬೇವಿನ ಗಿಡದ ಕೆಳಗೆ ಬಂದು ಕೂತರು. ಬುತ್ತಿ ಬಿಚ್ಚಿದೆ, ಕೈ ಹಾಕಲಿಲ್ಲ. ಅಂಗಿ ಪೂರ್ತಿ ತೊಯ್ದಿತ್ತು.

"ಯಾಕ್ರಿ, ಉಣ್ಣೂದಿಲ್ಲೇನ?"

"ಎದಿ ಮ್ಯಾಲ ಯಾರೋ ಜ್ವಾಳದ ಚೀಲ ಇಟ್ಟಂಗ ಆಗೈತಿ" ಎಂದರು. ದೊಡ್ಡ ದನಿಯ ಮನುಷ್ಯ, ಅಷ್ಟು ಸಣ್ಣಗೆ ಮಾತಾಡಿದ್ದು ಕೇಳಿ ನಾನು ಕೂಗು ಹಾಕಿದೆ.

ಪಕ್ಕದ ಹೊಲದ ಬಾಳಪ್ಪ, ಅಜ್ಜನ ಹುಟ್ಟಾ ಗೆಳೆಯ, ಓಡಿ ಬಂದರು. ಮೊದಲು ಅವರು ಪಿತ್ತ ಎಂದರು. ಮುಖ ನೋಡಿದ ಮೇಲೆ, ಕಬ್ಬು ತುಂಬಿ ನಿಂತಿದ್ದ ಟ್ರ್ಯಾಕ್ಟರಿನ ಟ್ರಾಲಿಯನ್ನು ಅಲ್ಲೇ ಬಿಚ್ಚಿಟ್ಟು, ಬರೀ ಎಂಜಿನ್ನಿನ ಮೇಲೆ ಅಜ್ಜನನ್ನು ನಡುವೆ ಹಿಡಿದುಕೊಂಡು ದೊಡ್ಡ ರಸ್ತೆಯ ತನಕ ಒಯ್ದರು. ಅಲ್ಲಿಂದ ಜೀಪಿನಲ್ಲಿ ಮಿರಜಕ್ಕೆ. ನಾನು ಬುತ್ತಿಯ ಗಂಟನ್ನು ಕೈಯಲ್ಲಿ ಹಿಡಿದುಕೊಂಡೇ ದವಾಖಾನೆ ಮುಟ್ಟಿದ್ದು ಆಮೇಲೆ ಗೊತ್ತಾಯಿತು.

ಮಿರಜದವರು ಜೀವ ಉಳಿಸಿದರು. ಹತ್ತು ಹನ್ನೆರಡು ದಿನ ಇಟ್ಟುಕೊಂಡು, ಹೃದಯದ ನಾಳದಲ್ಲಿ ಅಡ್ಡಿ ಇದೆ, ಪುಣೆಗೆ ಹೋಗಿ ಫೋಟೋ ತೆಗೆಸಿರಿ ಎಂದರು. ನನ್ನ ತಮ್ಮ ಬಾಬು ಏಕಸಂಬಿಯಿಂದ ಬಂದು ಜೊತೆಯಾದ. ಪುಣೆಯ ಡಾಕ್ಟರು ತೆಳ್ಳಗಿನ ಮನುಷ್ಯ, ಸಮಾಧಾನದವರು. ಒಂದು ಹಾಳೆಯ ಮೇಲೆ ಹೃದಯ ಬರೆದು, ಮೂರು ನಾಳ ಬರೆದು, ಒಂದರಲ್ಲಿ ಪೆನ್ನಿನಿಂದ ಒತ್ತಿ ಕಪ್ಪು ಮಾಡಿ ತೋರಿಸಿದರು. ತೊಡೆಯ ಹತ್ತಿರದ ನಾಳದಿಂದ ಸಣ್ಣ ನಳಿಗೆ ಬಿಟ್ಟು, ಅದರ ತುದಿಯ ಬಲೂನು ಆ ಇರುಕಿನಲ್ಲಿ ಉಬ್ಬಿಸಿ ದಾರಿ ಅಗಲ ಮಾಡುತ್ತಾರಂತೆ. ಎದೆ ಕೊಯ್ಯುವುದು ಬೇಡವಂತೆ. ನಮ್ಮ ಸೀಮೆಯಲ್ಲಿ ಅಂಥದ್ದನ್ನು ಯಾರೂ ಮಾಡಿಸಿಕೊಂಡದ್ದು ನಾನು ಕೇಳಿರಲಿಲ್ಲ.

ಅಜ್ಜ ಹಾಳೆ ನೋಡಿ, "ಪೈಪಲೈನಿನ ಕಸ ತೆಗದಂಗ ಆತು" ಎಂದರು. ಹೊಳೆಯಿಂದ ಹೊಲಕ್ಕೆ ನೀರು ಏರಿಸುವ ನಮ್ಮ ಪೈಪಿನಲ್ಲಿ ವರ್ಷಕ್ಕೊಮ್ಮೆ ಕಸ ಕಟ್ಟುತ್ತಿತ್ತು. ಬಾಬು ಅದನ್ನು ಮರಾಠಿಯಲ್ಲಿ ಹೇಳಿದ. ಡಾಕ್ಟರು ನಕ್ಕು, ಹೌದು, ಹಾಗೆಯೇ ಇದು ಮತ್ತೆ ಕಟ್ಟಿಕೊಳ್ಳಲೂಬಹುದು, ಮೊದಲ ಆರು ತಿಂಗಳು ಅದರ ಹೆದರಿಕೆ ಹೆಚ್ಚು ಎಂದರು.

ಬಲೂನು ಹಾಕುವಾಗ ಅಜ್ಜನಿಗೆ ಎಚ್ಚರವಿತ್ತು. "ಟೀವ್ಯಾಗ ನನ್ನ ಎದಿ ನನಗ ತೋರಿಸಿದ್ರು. ಕಪ್ಪ ಬಳ್ಳಿ ಅಳ್ಳಾಡಿದಂಗ ಕಾಣತಿತ್ತು" ಎಂದು ಹೊರಗೆ ಬಂದ ಮೇಲೆ ಹೇಳಿದರು.

ಬಾಜೂ ಹಾಸಿಗೆಯಲ್ಲಿ ಸಾಂಗಲಿ ಕಡೆಯ ಒಬ್ಬರು ಇದ್ದರು. ಅಜ್ಜನದೇ ವಯಸ್ಸು, ಅದೇ ದಿನ ಅದೇ ಬಲೂನು. ನಗಿಸುವ ಮನುಷ್ಯ. ಅಜ್ಜನಿಗೆ "ಪಾಟೀಲ, ನಾವಿಬ್ಬರೂ ಈಗ ಜೋಡಿ ಎತ್ತು" ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ನಾವು ಪಾಟೀಲರಲ್ಲ ಎಂದರೂ ಕೇಳುತ್ತಿರಲಿಲ್ಲ. ಅವರ ಹೆಂಡತಿ ಸುಮನಬಾಯಿ ಮತ್ತು ನಾನು ವರಾಂಡದಲ್ಲಿ ಕೂತು ಅವರ ಭಾಕರಿ, ನನ್ನ ಶೇಂಗಾ ಹಿಂಡಿ ಹಂಚಿಕೊಂಡು ಉಣ್ಣುತ್ತಿದ್ದೆವು.

ಬಿಡುವ ದಿನ ಡಾಕ್ಟರು ಬಾಬುವಿನ ಮುಂದೆ ಎಲ್ಲ ಹೇಳಿದರು. ನಾನು ಬಾಗಿಲಿಗೆ ಆತು ನಿಂತಿದ್ದೆ. ಅವರು ಮಾತು ನಿಲ್ಲಿಸಿ ನನ್ನನ್ನು ಕರೆದರು. ಮನೆಯಲ್ಲಿ ಇವರ ಜೊತೆ ಇರುವವರು ನೀವು, ನೀವು ಕೇಳಿರಿ ಎಂದರು. ನನಗೆ ಮರಾಠಿ ತಿಳಿಯುತ್ತಿತ್ತು, ಮಾತಾಡಲು ನಾಚಿಕೆ. ತಲೆ ಬಗ್ಗಿಸಿಕೊಂಡು ಕೇಳಿದೆ. ತಂಬಾಕು ಬಂದ್. ಗುಳಿಗೆ ಒಂದು ಹೊತ್ತೂ ತಪ್ಪಬಾರದು. ತುಪ್ಪ, ಎಣ್ಣೆ, ಉಪ್ಪು ಕಡಿಮೆ. ಎಲ್ಲಕ್ಕಿಂತ ಮುಖ್ಯ, "ರೋಜ ಚಾಲಾಯಚಂ", ದಿನಾ ನಡೆಯಬೇಕು. ಮೊದಲು ಸ್ವಲ್ಪ, ಆಮೇಲೆ ಹೆಚ್ಚು. ಆರು ತಿಂಗಳಿಗೆ ಬರಬೇಕು, ಓಡಿಸಿ ನೋಡುತ್ತೇವೆ ಎಂದರು.

ಯುಗಾದಿಯ ಮುಂಚೆ ಊರಿಗೆ ಬಂದೆವು. ಅತ್ತೆ ಬಾಗಿಲಲ್ಲಿ ಮಗನಿಗೆ ದೃಷ್ಟಿ ಹೋಗಲೆಂದು ರೊಟ್ಟಿ ಇಳಿ ತೆಗೆದು ಒಳಗೆ ಕರೆದರು. ಕೂರಿಸಿದ ತಕ್ಷಣ ಹೇಳಿದರು, "ಅಂಗಿ ತಗಿ. ಎಲ್ಲಿ ಕೊಯ್ದಾರ ನೋಡೂಣ."

"ಎದಿಗಿ ಕೊಯ್ದಿಲ್ಲ ಬೇ. ತೊಡಿ ಸಂದ್ಯಾಗ ಸಣ್ಣ ತೂತ ಮಾಡ್ಯಾರ."

"ಎದಿಗಿ ಬ್ಯಾನಿ, ತೊಡಿಗಿ ತೂತ. ಯಾವ ಶಾಣ್ಯಾ ಡಾಕ್ಟರ ಲೇ ಅಂವಾ?"

ಅಜ್ಜ ನಕ್ಕರು. ಅತ್ತೆ ನಗಲಿಲ್ಲ. ಅವರು ಹಡೆದ ಐದು ಮಕ್ಕಳಲ್ಲಿ ಉಳಿದದ್ದು ಇವರೊಬ್ಬರೇ. ಸಾವಿನ ಹೊಸ್ತಿಲಿಗೆ ಹೋಗಿ ತಿರುಗಿ ಬಂದ ಜೀವವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಅವರಿಗೆ ಒಂದೇ ರೀತಿಯಲ್ಲಿ ಗೊತ್ತಿತ್ತು. ಊರಿನ ಎಷ್ಟೋ ಬಾಣಂತಿಯರನ್ನು ಅವರು ಹಾಗೆಯೇ ಉಳಿಸಿದ್ದರು. ಮರುದಿನವೇ ಪಡಸಾಲೆಯ ಹಿಂದಿನ ಕತ್ತಲೆ ಕೋಣೆ ಸಾರಿಸಿ, ಹೊರಸು ಹಾಕಿದರು. "ಹಡದಾಕಿಗೆ ಮರುಹುಟ್ಟು ಅಂತಾರ. ಇಂವಗೂ ಮರುಹುಟ್ಟು. ಏನ ಫರಕ?" ಎಂದರು.

ಹೀಗೆ ಶುರುವಾಯಿತು ಅಜ್ಜನ ಬಾಣಂತನ. ಬೆಳಿಗ್ಗೆ ಮೈತುಂಬ ಎಣ್ಣೆ, ಮೇಲೆ ಹಂಡೆಯ ಸುಡುನೀರು. ಹೊರಸಿನ ಕೆಳಗೆ ಕೆಂಡದ ಶೇಗಡಿ. ಕಿವಿಗೆ ಅರಳೆ, ತಲೆಗೆ ಕಿವಿ ಮುಚ್ಚುವ ಹಾಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಹೊರಗೆ ಚೈತ್ರದ ಬಿಸಿಲು ಹೆಂಚು ಕಾಸುತ್ತಿತ್ತು, ಒಳಗೆ ಅತ್ತೆ ಮಗನನ್ನು ಕಾಸುತ್ತಿದ್ದರು. ಊಟಕ್ಕೆ ತುಪ್ಪದಲ್ಲಿ ಮುಳುಗಿದ ಅನ್ನ, ಅಳವಿ ಬೀಜದ ಪಾಯಸ. ಹೊತ್ತು ಹೊತ್ತಿಗೆ ಅಂಟಿನ ಉಂಡಿ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಎಲ್ಲ ಹಾಕಿದ್ದು. ಅಂಗಳಕ್ಕೆ ಕಾಲಿಟ್ಟರೆ, "ಗಾಳಿ ಬಡೀತೈತಿ, ಒಳಗ ನಡಿ" ಎಂದು ಕೂಗು.

ಮಾತಾಡಿಸಲು ಬರುವವರಿಗೆ ಇದು ಜಾತ್ರೆಗಿಂತ ಹೆಚ್ಚಾಯಿತು. ಕಿವಿ ಕಟ್ಟಿಕೊಂಡು ಮಲಗಿದ್ದ ಅಜ್ಜನನ್ನು ನೋಡಿ ಬಾಳಪ್ಪ ಬಾಗಿಲಲ್ಲೇ ನಿಂತು ಕೇಳಿದರು.

"ಏನ ಹುಟ್ಟೈತಿ ದೋಸ್ತ? ಗಂಡೋ, ಹೆಣ್ಣೋ?"

"ಜೋಡಿ ಅದಾವು. ಒಂದ ನಿನಗ ಒಯ್ಯಿ" ಎಂದರು ಅಜ್ಜ.

ಬಾಳಪ್ಪ ಹೋಗುವಾಗ ಹೊರಸಿನ ತುದಿಯಲ್ಲಿ ಕೂತು, ಅಭ್ಯಾಸದಂತೆ ಚಂಚಿ ಬಿಚ್ಚಿ, ಅಂಗೈಯಲ್ಲಿ ತಂಬಾಕು ತಿಕ್ಕಿ ಅರ್ಧ ಅಜ್ಜನ ಕಡೆ ಚಾಚಿದರು. ಅಜ್ಜ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಆಮೇಲೆ, "ಬ್ಯಾಡಲೇ. ಅದು ಮುಗೀತು" ಎಂದರು. ಬಾಳಪ್ಪ ತಮ್ಮ ಪಾಲನ್ನೂ ಬಾಯಿಗೆ ಹಾಕಿಕೊಳ್ಳದೆ ಕಿಟಕಿಯಿಂದ ಚೆಲ್ಲಿದರು. ಅಂದಿನಿಂದ ನಮ್ಮ ಮನೆಗೆ ಬಂದಾಗ ಅವರು ಚಂಚಿ ತೆಗೆಯಲಿಲ್ಲ.

ತಂಬಾಕು ಹೀಗೆ ಬಿಟ್ಟಿತು. ಗುಳಿಗೆ ನಾನೇ ಕೈಗೆ ಕೊಡುತ್ತಿದ್ದೆ. ತುಪ್ಪ ಮತ್ತು ನಡಿಗೆ, ಇವೆರಡು ನನ್ನ ಕೈಯಲ್ಲಿ ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಬಾಗಿಲ ಮರೆಯಿಂದ ಹೇಳಿದೆ.

"ಅತ್ಯಾರ, ಡಾಕ್ಟರ ಅವರಿಗಿ ದಿನಾ ನಡೀಬೇಕಂತ ಹೇಳ್ಯಾರ್ರಿ. ತುಪ್ಪಾನೂ ಬ್ಯಾಡ ಅಂದಾರ್ರಿ."

ಅತ್ತೆ ತಿರುಗಿಯೂ ನೋಡಲಿಲ್ಲ. "ಆ ಡಾಕ್ಟರಗ ತಾಯಿ ಇಲ್ಲೇನ?" ಎಂದರು.

ಅಜ್ಜನನ್ನು ಕೇಳಿದರೆ, "ಆಕಿ ಜೀವಕ ಸಮಾಧಾನ ಆಗಲಿ ಬಿಡು" ಎನ್ನುತ್ತಿದ್ದರು. ಒಳಗೊಳಗೆ ಅವರಿಗೂ ಹೊರಗೆ ಬರಲು ಹೆದರಿಕೆ ಇತ್ತು ಎಂದು ನನಗೆ ಗೊತ್ತಿತ್ತು. ಹೊರಸಿನ ಮೇಲೆ ಮಲಗಿದಾಗ ಎದೆ ನೋಯುತ್ತಿರಲಿಲ್ಲ. ನಡೆದರೆ ನೋಯಬಹುದು. ಹೊಲವನ್ನು ರಜೆಗೆ ಬಂದ ನಿಮ್ಮಪ್ಪ ನೋಡಿಕೊಂಡ. ಅಜ್ಜ ಕೋಣೆಯಲ್ಲಿ ಮೈ ಬೆಳೆಸಿದರು. ಧೋತರದ ಗಂಟು ಸಣ್ಣದಾಗುತ್ತ ಬಂತು. ದಿನಗಳು ಉರುಳಿದಂತೆ ನನಗೆ ಡಾಕ್ಟರು ಪೆನ್ನಿನಿಂದ ಒತ್ತಿ ಕಪ್ಪು ಮಾಡಿದ ಆ ಜಾಗವೇ ಕಣ್ಣ ಮುಂದೆ ಬರುತ್ತಿತ್ತು.

ಜೂನಿನಲ್ಲಿ ಮಿರಗದ ಮಳೆ ಶುರುವಾದ ಮೇಲೆ, ಒಂದು ದಿನ ಅತ್ತೆ ಗುಡಿಗೆ ಹೋದಾಗ, ಅಜ್ಜ ಮಾಳಿಗೆಯ ಸೋರುವ ಜಾಗ ನೋಡುತ್ತೇನೆಂದು ಏಣಿ ಹತ್ತಿದರು. ನಾಲ್ಕು ಮೆಟ್ಟಿಲು ಹತ್ತಿ ಅಲ್ಲೇ ನಿಂತರು. ಇಳಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಕೈ ಎದೆಯ ಮೇಲಿತ್ತು.

"ಚೀಲಾ ಏನ್ರಿ?" ಎಂದು ಕೇಳಿದೆ.

"ಸಣ್ಣ ಚೀಲ" ಎಂದರು.

ನಾಲಿಗೆ ಕೆಳಗೆ ಇಡುವ ಗುಳಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಅಷ್ಟರಲ್ಲಿ ಅತ್ತೆ ಬಂದರು. ಮಗನ ಮುಖ ನೋಡಿ, ಕೈಯಲ್ಲಿದ್ದ ಕಾಯಿ-ಹಣ್ಣಿನ ತಾಟು ಕೆಳಗಿಟ್ಟು, ಅವರ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಆಮೇಲೆ ನನಗೆ ಹೇಳಿದರು, "ಕಾಸೂದು ಕಡಿಮಿ ಬಿದ್ದೈತಿ. ನಾಳಿಂದ ಉಂಡಿನೂ ಎರಡೆರಡ ಕೊಡು."

ಆ ಮಾತು ಕೇಳಿದ ಮೇಲೆ ನನಗೆ ಉಳಿದ ದಿನ ಕೆಲಸ ಕೈಗೆ ಹತ್ತಲಿಲ್ಲ. ಅವರ ಜೊತೆ ವಾದ ಮಾಡಿ ಗೆಲ್ಲುವುದು ಆಗದ ಮಾತು. ಡಾಕ್ಟರ ಹೆಸರು ಹೇಳಿದರೆ ನಡೆಯದು. ಮರುದಿನ ಅತ್ತೆ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನೂ ಎದುರಿಗೆ ಒಂದು ಮೊರ ಹಿಡಿದು ಕೂತೆ. ಬಹಳ ಹೊತ್ತು ಹರಳು ಆರಿಸಿದ ಮೇಲೆ ಕೇಳಿದೆ.

"ಅತ್ಯಾರ, ಬಾಣಂತನ ಎಷ್ಟ ತಿಂಗಳಾ ಮಾಡಬೇಕ್ರಿ?"

"ಉಳ್ಳವರ ಐದ ತಿಂಗಳಾ ಮಾಡತಾರ. ಇಲ್ಲದವರು ಮೂರು."

"ಗಂಡಬಾಣಂತಿಗಿ?"

ಅತ್ತೆಯ ಕೈ ನಿಂತಿತು. ಗಂಡುಬಾಣಂತಿಯ ಲೆಕ್ಕ ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮೊರ ನೋಡುತ್ತಲೇ ಹೇಳಿದೆ, "ಹಡದಾಕಿಗೆ ಕೂಸಿಗಿ ಮೊಲಿ ಕುಡಸೂದು ಇರತೈತ್ರಿ, ಅದಕ ಐದ ತಿಂಗಳಾ. ಇವರಿಗಿ ಕೂಸಿಲ್ಲಲ್ರಿ. ಹೊಳಿಗಿ ಹೊಸಾ ನೀರ ಬಂದೈತಿ ಅಂತ ಬಾಳಪ್ಪಣ್ಣ ಹೇಳಿದ್ರು. ಗಂಗೀ ಪೂಜಿ ಮಾಡಿಸಿ ಬಾಣಂತನ ಮುಗಸಬಾರದೇನ್ರಿ? ಬಾಣಂತ್ಯಾರ ಕೋಣಿ ಬಿಟ್ಟ ಮ್ಯಾಲ ಅಲ್ಲೇನ್ರಿ ಅವರ ಮೈಗಿ ಬಲಾ ಬರೂದು?"

ನಮ್ಮಲ್ಲಿ ಬಾಣಂತಿ ಗಂಗವ್ವನ ಪೂಜೆ ಮಾಡಿದ ಮೇಲೆ ಹೊರಗಿನವಳಾಗುತ್ತಾಳೆ. ನೀರು ತರಬಹುದು, ಹೊಲಕ್ಕೆ ಹೋಗಬಹುದು. ಅದರ ನಂತರವೂ ಮಲಗಿಕೊಂಡರೆ ಮೈಗಳ್ಳಿ ಎನ್ನುತ್ತಾರೆ. ಇದು ಅತ್ತೆಯದೇ ಕಾಯಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಅಷ್ಟು ಮಾತಾಡಿದ್ದು ಅವರು ಎಂದೂ ಕೇಳಿರಲಿಲ್ಲ.

"ಏಕಸಂಬ್ಯಾಗ ಶಾಲಿ ಕಲತದ್ದು ಈಗ ಹೊರಗ ಬರಾಕತ್ತೈತಿ" ಎಂದರು. ಮತ್ತೆ ಸ್ವಲ್ಪ ಹೊತ್ತು ಜೋಳ ಕೇರಿ, "ಶುಕ್ರವಾರ ಮಾಡೂಣು" ಎಂದರು.

ಆ ಶುಕ್ರವಾರವನ್ನು ಊರು ಬಹಳ ದಿನ ನೆನೆಸಿತು. ಮುಂದೆ ಅರಿಸಿನ ಕುಂಕುಮದ ತಾಟು ಹಿಡಿದ ಅತ್ತೆ, ಹಿಂದೆ ಐದು ಜನ ಮುತ್ತೈದೆಯರು, ನಡುವೆ ಬಿಳಿ ಧೋತರ ಉಟ್ಟು ಕಿವಿ ಕಟ್ಟಿಕೊಂಡ ಅಜ್ಜ. ಬಾಳಪ್ಪ ತಮ್ಮ ಮನೆಯ ಕಟ್ಟೆಯ ಮೇಲಿಂದ, "ಕೂಸ ಎಲ್ಲಿ ಬಿಟ್ಟ ಬಂದೆವಾ ಬಾಣಂತಿ?" ಎಂದರು. ಮುತ್ತೈದೆಯರು ಸೆರಗು ಬಾಯಿಗೆ ಒತ್ತಿಕೊಂಡರು. ಕೃಷ್ಣೆ ಕೆಂಪಾಗಿ ತುಂಬಿ ಬರುತ್ತಿದ್ದಳು. ಅತ್ತೆ ಐದು ಕಲ್ಲು ಇಟ್ಟು ಪೂಜೆ ಮಾಡಿ, ಹೊಳೆಗೆ ಉಡಿ ತುಂಬಿ, ಮಗನ ಕಿವಿಯ ಬಟ್ಟೆ ತಾವೇ ಬಿಚ್ಚಿ ನೀರಿಗೆ ಬಿಟ್ಟರು. ಬಟ್ಟೆ ಸುತ್ತುತ್ತ ಹೋಯಿತು. ಮನೆಗೆ ತಿರುಗಿ ಬರುವಾಗ ಅಜ್ಜ ಎರಡು ಕಡೆ ನಿಂತು ದಣಿವಾರಿಸಿಕೊಂಡರು, ಆದರೆ ಚೀಲ ಬರಲಿಲ್ಲ. ಅಂದಿನಿಂದ ಅಡುಗೆಮನೆಯ ತುಪ್ಪದ ಗಡಿಗೆ ನನ್ನ ಕೈಗೆ ಬಂತು.

ನಡೆಯುವುದೇನೋ ಶುರುವಾಯಿತು. ಆದರೆ ನಮ್ಮ ಊರಲ್ಲಿ ಸುಮ್ಮನೆ ನಡೆಯುವುದು ಎಂಬುದೇ ಇರಲಿಲ್ಲ. ಎದುರು ಬಂದವರೆಲ್ಲ, "ಎಲ್ಲಿಗಿ ಹೊಂಟೀರಿ?" ಎನ್ನುತ್ತಿದ್ದರು. ಎಲ್ಲಿಗೂ ಇಲ್ಲ ಎಂದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಅಜ್ಜ ಅದಕ್ಕೆ ಕೈಯಲ್ಲಿ ಒಂದು ಕುಡುಗೋಲು ಹಿಡಿಯುತ್ತಿದ್ದರು, ಮೇವಿಗೆ ಹೊರಟವರ ಹಾಗೆ. ನಾನು ಖಾಲಿ ಬುಟ್ಟಿ ಹೊತ್ತು ಏಳೆಂಟು ಹೆಜ್ಜೆ ಹಿಂದೆ. ನಾನಿಲ್ಲದೆ ಅವರು ಹೋಗುತ್ತಿರಲಿಲ್ಲ. ಬಿದ್ದರೆ ನೋಡಲು ಒಬ್ಬರು ಬೇಕು ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಆಗಿನ ಕಾಲದಲ್ಲಿ ಗಂಡನ ಬಾಜೂಕ ನಡೆಯುವ ಹೆಂಡತಿಯನ್ನು ಊರು ಕಂಡಿರಲಿಲ್ಲ, ನನಗೂ ಅದು ಮನಸ್ಸಿಗೆ ಬಂದಿರಲಿಲ್ಲ. ಅವರ ಬೆನ್ನು ನೋಡುತ್ತ ನಡೆಯುತ್ತಿದ್ದೆ. ಬೆನ್ನು ನಿಂತರೆ ನಾನೂ ನಿಲ್ಲುತ್ತಿದ್ದೆ.

ಶ್ರಾವಣದಲ್ಲಿ ಹೊಳೆ ಏರಿ ದಾರಿ ನುಂಗಿತು. ಎರೆಯ ಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುತ್ತಿತ್ತು. ಆಗ ಬಸವಣ್ಣನ ಗುಡಿಯ ಸುತ್ತ ನಡೆದೆವು. ಪ್ರದಕ್ಷಿಣೆ ಹಾಕುವವರನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಅಜ್ಜ ದೊಡ್ಡ ಭಕ್ತರಾದರೆಂದು ಊರಲ್ಲಿ ಸುದ್ದಿಯಾಯಿತು. ಪೂಜಾರಿ ಬಹಳ ಗೌರವದಿಂದ ಕರೆಯತೊಡಗಿದ. ಆ ಮಳೆಗಾಲ ನನಗೆ ಈಗಲೂ ಇಷ್ಟ. ಸುತ್ತಲೂ ನೀರು, ಊರು ನಡುಗಡ್ಡೆಯಂತೆ, ಕಬ್ಬಿನ ಸುಳಿ ಮಾತ್ರ ನೀರಿನ ಮೇಲೆ. ಗುಡಿಯ ಕಲ್ಲಿನ ಮೇಲೆ ನಮ್ಮಿಬ್ಬರ ಬರಿಗಾಲಿನ ಸಪ್ಪಳ. ಮೈ ಇಳಿದು ಅಜ್ಜನ ಧೋತರದ ಗಂಟು ಮತ್ತೆ ದೊಡ್ಡದಾಯಿತು.

ನೆರೆ ಇಳಿದು, ಗಣಪತಿ ಹಬ್ಬ ಮುಗಿದ ಮೇಲೆ ಪುಣೆಗೆ ಹೋದೆವು. ಮೈಗೆಲ್ಲ ತಂತಿ ಹಚ್ಚಿ, ಉರುಳುವ ಪಟ್ಟಿಯ ಮೇಲೆ ಅಜ್ಜನನ್ನು ನಡೆಸಿದರು. ನಾನು ಹೊರಗೆ ಬಾಕಿನ ಮೇಲೆ ಕೂತಿದ್ದೆ. ಹಿಂದಿನ ಸಲ ನಮ್ಮನ್ನು ನೋಡಿಕೊಂಡಿದ್ದ ನರ್ಸಬಾಯಿ ಗುರುತು ಹಿಡಿದು ಬಂದಳು. ಸುಮನಬಾಯಿಯ ಯಜಮಾನರು ಹೇಗಿದ್ದಾರೆ ಎಂದು ನನ್ನ ಮುರುಕು ಮರಾಠಿಯಲ್ಲಿ ಕೇಳಿದೆ. ಆಕೆ ನನ್ನ ಕೈ ಹಿಡಿದು ಹೇಳಿದಳು. ನಾಳ ಮತ್ತೆ ಮುಚ್ಚಿತಂತೆ. ಇಲ್ಲಿಗೆ ತರುವ ದಾರಿಯಲ್ಲೇ ಮುಗಿಯಿತಂತೆ. ಪಥ್ಯ ಬಿಟ್ಟಿದ್ದರೇನು ಎಂದು ಕೇಳಿದೆ. ಇಲ್ಲ, ಗುಳಿಗೆ, ನಡಿಗೆ, ಎಲ್ಲ ಮಾಡುತ್ತಿದ್ದರು, ಕೆಲವರಿಗೆ ಹಾಗಾಗುತ್ತದೆ ಎಂದಳು.

ಅಷ್ಟರಲ್ಲಿ ಅಜ್ಜ ಒಳಗಿಂದ ನಗುತ್ತ ಬಂದರು. ಬೆವರು ಇತ್ತು, ನೋವು ಇರಲಿಲ್ಲ. ಡಾಕ್ಟರು ಕಾಗದದ ಗೆರೆ ನೋಡಿ, ನಾಳ ತೆರೆದೇ ಇರುವ ಹಾಗೆ ಕಾಣುತ್ತದೆ, ಚೆನ್ನಾಗಿ ಉಳಿಸಿಕೊಂಡಿದ್ದೀರಿ ಎಂದರು. ಇನ್ನು ಎಷ್ಟು ದಿನ ನಡೆಯಬೇಕು ಎಂದು ಅಜ್ಜ ಕೇಳಿದರು. ಎಷ್ಟು ದಿನ ಬದುಕಬೇಕು ಅಂತೀರೋ ಅಷ್ಟು ದಿನ ಎಂದರು ಡಾಕ್ಟರು. ಅಜ್ಜ ಜೋರಾಗಿ ನಕ್ಕು, ತಮ್ಮ ಜೋಡಿ ಎತ್ತಿನ ಸುದ್ದಿ ಕೇಳಿದರು. ಡಾಕ್ಟರು ಸುಳ್ಳು ಹೇಳಲಿಲ್ಲ.

ಬಸ್ಸು ಕರಾಡ ದಾಟಿತು. ಅಜ್ಜ ಕಿಟಕಿಯ ಕಡೆ ಮುಖ ಮಾಡಿ, "ಅಂವಾ ನಡದಾ. ಏನಾತು?" ಎಂದರು.

ಊರಿಗೆ ಬಂದ ಮೇಲೆ ಕುಡುಗೋಲು ಮೂಲೆ ಸೇರಿತು. ಬೆಳಿಗ್ಗೆ ಹೊಸ್ತಿಲಲ್ಲಿ ಕೆಮ್ಮು ಕೇಳಲಿಲ್ಲ. ಪಡಸಾಲೆಯ ಕಂಬಕ್ಕೆ ಆತು ಕೂತು ಬೀದಿ ನೋಡುತ್ತಿದ್ದರು. ಗುಳಿಗೆ ಕೊಟ್ಟರೆ ನುಂಗುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅತ್ತೆಗೆ ಇದು ತಿಳಿಯಲಿಲ್ಲ. "ಪಾಸಾಗಿ ಬಂದಾನಂತಿ, ಮತ್ಯಾಕ ಹಿಂಗ ಕುಂತಾನ?" ಎಂದು ನನ್ನನ್ನೇ ಕೇಳಿದರು.

"ಬರ್ರಿ, ಹೊತ್ತಾತು" ಎಂದು ನಾನು ಒಂದೆರಡು ದಿನ ಕರೆದೆ.

"ನಡದ್ರೂ ಹೋಗೂದು, ಕುಂತ್ರೂ ಹೋಗೂದು" ಎಂದರು.

ಆ ಮಾತು ಸುಳ್ಳೆಂದು ಹೇಳಲು ನನಗೆ ಬರಲಿಲ್ಲ. ಸುಮನಬಾಯಿ ನನ್ನ ಜೊತೆ ಉಂಡವಳು. ಅವಳಿಗಿಂತ ನಾನೇನೂ ಹೆಚ್ಚು ಮಾಡಿರಲಿಲ್ಲ. ಆದರೆ ಮಾಳಿಗೆಯ ಏಣಿಯ ಮೇಲೆ ಕೂತ ಮನುಷ್ಯನನ್ನೂ ನಾನು ನೋಡಿದ್ದೆ, ಗುಡಿ ಸುತ್ತಿದ ಮನುಷ್ಯನನ್ನೂ ನೋಡಿದ್ದೆ. ಅವೆರಡರ ನಡುವೆ ಯಾವುದು ಬದುಕು ಎಂದು ನನಗೆ ಕಣ್ಣಾರೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ದನಗಳ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಅವರ ಮುಂದೆಯೇ ಹೊಸ್ತಿಲು ದಾಟಿದೆ. ಬುಟ್ಟಿ ತೆಗೆದುಕೊಳ್ಳಲಿಲ್ಲ.

"ಎಲ್ಲಿಗಿ?" ಎಂದರು.

"ನಡ್ಯಾಕ್ರಿ."

ಬರಿಗೈಯಲ್ಲಿ, ಕೆಲಸವಿಲ್ಲದೆ, ಒಬ್ಬಳೇ ಬೀದಿಗೆ ಇಳಿದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕಾಲು ಎಲ್ಲಿ ಇಡುತ್ತಿದ್ದೇನೆ ಎಂದು ನನಗೇ ಕಾಣುತ್ತಿರಲಿಲ್ಲ. ನೀರಿನ ಕೊಡ ಹೊತ್ತು ಎದುರು ಬಂದವಳು, "ಎಲ್ಲಿಗಿ ಹೊಂಟಿ ಯಕ್ಕಾ?" ಎಂದಳು. ಅವಳಿಗೂ ನಡ್ಯಾಕ ಎಂದೇ ಹೇಳಿದೆ. ಅವಳು ನಿಂತು ನೋಡುತ್ತಲೇ ಉಳಿದಳು. ಬಾಳಪ್ಪನ ಕಟ್ಟೆ ಹತ್ತಿರ ಬಂದಾಗ ಸೆರಗು ಬಿಗಿದುಕೊಂಡೆ. ಕಟ್ಟೆ ದಾಟಿದೆ. ಹಿಂದೆ ಬಾಳಪ್ಪನ ದನಿ ಕೇಳಿತು, ನನಗಲ್ಲ, ಬೇರೆ ಯಾರಿಗೋ.

"ಏನ ದೋಸ್ತ, ಇವತ್ತ ಎಂಜಿನ್ ಮುಂದ ಹೋಗಿ ಡಬ್ಬಿ ಹಿಂದ ಉಳದೈತಿ?"

"ಕೊಂಡಿ ತಪ್ಪೈತಲೇ. ಹಾಕಾಕ ಹೊಂಟೀನಿ" ಎಂದರು ಅಜ್ಜ. ಅವರ ದನಿ ಹೊಳೆಯ ಆಚೆ ದಂಡೆಗೂ ಕೇಳಿರಬೇಕು.

ನಾನು ತಿರುಗಿ ನೋಡಲಿಲ್ಲ. ಹೊಳೆಯ ದಾರಿ ಹಿಡಿದು ನಡೆದೆ. ಹಿಂದೆ ಚಪ್ಪಲಿಯ ಸಪ್ಪಳ ಹತ್ತಿರ ಬಂತು, ಮತ್ತೆ ದೂರವಾಯಿತು, ಮತ್ತೆ ಹತ್ತಿರ ಬಂತು. ಕಬ್ಬಿನ ಹೊಲದ ತಿರುವಿನಲ್ಲಿ, "ಏ, ನಿಂದರ" ಎಂದರು.

ನಿಂತೆ. ಅವರು ಬಂದು ಬಾಜೂಕ ನಿಂತು ಉಸಿರು ಬಿಟ್ಟರು. ಕೈಯಲ್ಲಿ ಕುಡುಗೋಲು ಇರಲಿಲ್ಲ.

"ಚೀಲಾ ಏನ್ರಿ?"

"ಚೀಲ ಗೀಲ ಏನಿಲ್ಲ." ಮುಖದ ಬೆವರು ಒರೆಸಿಕೊಂಡು ಹೇಳಿದರು, "ಇಷ್ಟ ವರ್ಷ ನನ್ನ ಹಿಂದ ನಡದೀ. ನೀ ಇಷ್ಟ ಜೋರ ನಡೀತಿ ಅಂತ ನನಗ ಗೊತ್ತಽ ಇರಲಿಲ್ಲ."

ನನಗೂ ಗೊತ್ತಿರಲಿಲ್ಲ. ಅವರು ಹೆಜ್ಜೆ ಎತ್ತುವ ತನಕ ಕಾದೆ. ಆಮೇಲೆ ಇಬ್ಬರೂ ಹೊರಟೆವು, ಆ ದಾರಿಯಲ್ಲಿ ಇಬ್ಬರು ಜೋಡಿಯಾಗಿ ನಡೆಯುವಷ್ಟು ಅಗಲ ಇತ್ತು.